ಗುರ್ ಅನ್ನುವುದನ್ನು ಬಿಟ್ಟ ನಾಯಿ: ಅಡಿಕೆ ತೋಟದ ಒಂದು ರಾಟ್‌ವೈಲರ್ ಪ್ರಕರಣ

ಇದು ಮಲೆನಾಡಿನ ಒಂದು ಅಡಿಕೆ ತೋಟದ ಮನೆಯಲ್ಲಿ 2022ರಿಂದ 2025ರ ನಡುವೆ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾಯಿಯನ್ನು ಇಲ್ಲಿ ಕರಿಯ ಅಂತ ಕರೆಯೋಣ. ಕಚ್ಚಿಸಿಕೊಂಡ ಕೆಲಸದವರನ್ನೂ ಕೇಳಿದೆ. "ಬರೀರಿ, ಇನ್ನೊಬ್ರಿಗೆ ಹಾಗಾಗೋದು ಬೇಡ. ನನ್ನ ಹೆಸರು ಹಾಕಬೇಡಿ ಅಷ್ಟೆ" ಅಂದರು.

ನಾನು ಇಪ್ಪತ್ತು ವರ್ಷದಿಂದ ದೊಡ್ಡ ನಾಯಿಗಳನ್ನು ಸಾಕಿದ್ದೇನೆ. ಕರೆದವರ ಮನೆಗೆ ತರಬೇತಿಗೂ ಹೋಗುತ್ತೇನೆ. ಕರೆಯುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಸ್ವಲ್ಪ ಕಾವಲು ಕಲಿಸಿ." ಕಾವಲು ಜಾತಿಯ ನಾಯಿಗೆ ಕಾವಲು ಕಲಿಸಬೇಕಾಗಿಲ್ಲ. ಅದು ಹುಟ್ಟಿನಿಂದಲೇ ಬಂದಿರುತ್ತೆ. ಯಾರು ನಮ್ಮವರು, ಎಲ್ಲಿಗೆ ಸಾಕು, ಇವೆರಡನ್ನು ಕಲಿಸಬೇಕು. ಕರಿಯನಿಗೆ ಆ ಪಾಠ ಶುರುವಾಗಿದ್ದು ಒಬ್ಬರ ತೊಡೆಗೆ ಹಲ್ಲು ಇಳಿದ ಮೇಲೆ.

ಮರಿ ಬಂದದ್ದು

ಮನೆಯಲ್ಲಿ ಐದು ಜನ. ಯಜಮಾನರು, ಅವರ ಹೆಂಡತಿ, ವಯಸ್ಸಾದ ಅಮ್ಮ, ಕಾಲೇಜಿಗೆ ಹೋಗುವ ಮಗ, ಹೈಸ್ಕೂಲಿನ ಮಗಳು. ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ. 2022ರಲ್ಲಿ ರಾಶಿ ಅನ್ನುವ ದರ್ಜೆಯ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿಯ ಆಸುಪಾಸಿನಲ್ಲಿತ್ತು. ಒಣಗಿಸಿಟ್ಟ ಅಡಿಕೆ ರಾತ್ರಿ ಬೆಳಗಾಗುವುದರೊಳಗೆ ಮಾಯ ಅನ್ನುವ ಸುದ್ದಿ ಸುತ್ತಲಿನ ಊರುಗಳಿಂದ ಬರುತ್ತಲೇ ಇತ್ತು. ಇದ್ದ ನಾಟಿ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗಿತ್ತು. ಹಾಗಾಗಿ "ಈ ಸಲ ಗಟ್ಟಿ ನಾಯಿ ತರೋಣ" ಅಂತ ತೀರ್ಮಾನವಾಯಿತು. ಆ ಯೋಚನೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಒಂಟಿ ಮನೆ, ಮನೆ ತುಂಬ ಫಸಲು, ಭಯ ಆಗುತ್ತೆ ಅಲ್ವಾ.

ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ರಟ್ಟಿನ ಡಬ್ಬಿಯೊಳಗೆ ಮರಿ ಬಂತು. ವಯಸ್ಸು 35 ದಿನ. ನಮ್ಮ ದೇಶದಲ್ಲಿ 2017ರ ನಾಯಿ ಸಂತಾನಾಭಿವೃದ್ಧಿ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ. ಇದು ಬರೀ ಕಾಗದದ ಮಾತಲ್ಲ. ಐದರಿಂದ ಎಂಟು ವಾರದ ನಡುವೆ ಮರಿ ತನ್ನ ಅಣ್ಣತಮ್ಮಂದಿರ ಜೊತೆ ಕಚ್ಚಾಡುತ್ತಾ ಒಂದು ದೊಡ್ಡ ವಿಷಯ ಕಲಿಯುತ್ತೆ. ಜೋರಾಗಿ ಕಚ್ಚಿದರೆ ಎದುರಿನವನು ಕಿರುಚುತ್ತಾನೆ, ಆಟ ನಿಲ್ಲುತ್ತೆ. ಮೆತ್ತಗೆ ಬಾಯಿ ಹಾಕಿದರೆ ಆಟ ಮುಂದುವರಿಯುತ್ತೆ. ಹಲ್ಲಿನ ಜೋರನ್ನು ಅಳೆಯುವ ಈ ಪಾಠ ಕರಿಯನಿಗೆ ಅರ್ಧಕ್ಕೇ ನಿಂತಿತ್ತು.

ಮಾರಿದವರು ಫೋನಿನಲ್ಲಿ ಕೊಟ್ಟ ಸಲಹೆ: ಹೊರಗಿನವರು ಮುಟ್ಟಬಾರದು, ಊಟ ಒಬ್ಬರೇ ಹಾಕಬೇಕು, ಹಗಲು ಕಟ್ಟಿ ರಾತ್ರಿ ಬಿಡಬೇಕು, ಆಗಲೇ ನಾಯಿ ಖಡಕ್ ಆಗೋದು. ಇದೇ ಮಾತನ್ನು ನಾನು ಬೇರೆ ಬೇರೆ ಊರುಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಟ್ಟೆ ಉರಿಯುತ್ತೆ.

ನಾಯಿಮರಿಯ ಮನಸ್ಸು ಲೋಕಕ್ಕೆ ತೆರೆದುಕೊಂಡಿರುವುದು ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ. ಆಗ ಕಂಡದ್ದು, ಕೇಳಿದ್ದು, ಮೂಸಿದ್ದು ಮಾಮೂಲಿ ಅನ್ನಿಸುತ್ತೆ. ಆಗ ಕಾಣದ್ದು ಆಮೇಲೆ ಅನುಮಾನದ ವಸ್ತು. ಕುರಿ ಕಾಯುವ ನಾಯಿಗಳನ್ನು ಮರಿಯಿಂದಲೇ ಕುರಿಗಳ ನಡುವೆ ಬೆಳೆಸುವುದು ಇದಕ್ಕೇ. ಮೊದಲು ನಮ್ಮವರು ಯಾರು ಅಂತ ಗೊತ್ತಾಗಬೇಕು, ಆಮೇಲೆ ತಾನೇ ಹೊರಗಿನವರು ಯಾರು ಅನ್ನುವುದು? ಕರಿಯ ಆ ಎರಡು ತಿಂಗಳನ್ನು ಬಚ್ಚಲಿನ ಪಕ್ಕದ ಕೋಣೆಯಲ್ಲಿ ಕಳೆದ. ಐದು ಜನ ಬಿಟ್ಟರೆ ಅವನು ಕಂಡದ್ದು ಎರಡು ಹಸು, ಒಂದು ಬೆಕ್ಕು. ತಲೆಗೆ ಮುಂಡಾಸು ಕಟ್ಟಿದವರು, ಹೆಗಲ ಮೇಲೆ ಹಗ್ಗ ಹಾಕಿಕೊಂಡವರು, ಕುಡಿದು ತೂರಾಡುವವರು, ಛತ್ರಿ ಬಿಚ್ಚುವವರು, ಯಾರನ್ನೂ ನೋಡಲಿಲ್ಲ. ಲಸಿಕೆ ಮುಗಿಯುವ ತನಕ ಹೊರಗೆ ತರಬಾರದು ಅಂತ ಡಾಕ್ಟರು ಹೇಳಿದ್ದರಂತೆ. ಪಾರ್ವೋ ಅನ್ನುವುದು ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆ, ಅದರ ಭಯ ನಿಜ. ರಾಟ್‌ವೈಲರ್ ಮರಿಗಳಿಗೆ ಅದು ಇನ್ನೂ ಜೋರಾಗಿ ತಗಲುತ್ತೆ. ಆದರೆ ನೆಲಕ್ಕೆ ಇಳಿಸದೆಯೂ ಲೋಕ ತೋರಿಸಬಹುದು. ಎತ್ತಿಕೊಂಡು ಜೀಪಿನಲ್ಲಿ ಕೂತು ಸಂತೆಯ ಬದಿಯಲ್ಲಿ ಅರ್ಧ ಗಂಟೆ ನಿಂತಿದ್ದರೆ ಸಾಕಿತ್ತು.

ಊಟದ ವಿಷಯಕ್ಕೆ ಬರುತ್ತೇನೆ. ಮೊಟ್ಟೆಯೂ ಒಳಗೆ ಬಾರದ ಮನೆ ಅದು. ಅನ್ನ, ಹಾಲು, ಮಜ್ಜಿಗೆ, ಜೊತೆಗೆ ಅಂಗಡಿಯಿಂದ ತಂದ ಮರಿಗಳ ಆಹಾರ, ಅದರ ಮೇಲೆ ದಿನಾ ಎರಡು ಚಮಚ ಕ್ಯಾಲ್ಸಿಯಂ ಟಾನಿಕ್. "ಮೂಳೆ ಗಟ್ಟಿ ಆಗಲಿ" ಅಂತ. ದೊಡ್ಡ ಜಾತಿಯ ಮರಿಗೆ ಇದು ಉಲ್ಟಾ ಹೊಡೆಯುತ್ತೆ. ಬೆಳೆಯುವ ಮರಿಯ ದೇಹಕ್ಕೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯಲು ಬರುವುದಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ಹೋಗಿ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತೆ. ಜೊತೆಗೆ ಮೈ ಬೇರೆ ಬೇಗ ತುಂಬಿತು. ಒಳಗೆ ನುಣುಪಾದ ಗಾರೆ ನೆಲ, ಓಡುವಾಗಲೆಲ್ಲ ಹಿಂದಿನ ಕಾಲು ಜಾರುತ್ತಿತ್ತು. ಎಲ್ಲರೂ ನಗುತ್ತಿದ್ದರಂತೆ, ಮುದ್ದು ಕಾಣುತ್ತಿತ್ತಲ್ಲ.

ಏಳನೇ ತಿಂಗಳಲ್ಲಿ ಮೊದಲ ಸಲ ಗುರ್ ಅಂದ. ಮಗ ಊಟದ ತಟ್ಟೆ ಎತ್ತಲು ಹೋದಾಗ. ಯಾರೋ ಹೇಳಿಕೊಟ್ಟ ಹಾಗೆ ಯಜಮಾನರು ಅಡಿಕೆ ದಬ್ಬೆ ತಗೊಂಡು ನಾಲ್ಕು ಬಿಟ್ಟರು. ಮರುದಿನವೂ ಗುರ್ ಅಂದ, ಮತ್ತೆ ಬಿತ್ತು. ಒಂದು ವಾರದಲ್ಲಿ ಗುರ್ ನಿಂತಿತು. ಮನೆಯವರಿಗೆ ಸಮಾಧಾನ. "ಬುದ್ಧಿ ಬಂತು" ಅಂದುಕೊಂಡರು. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದುಬಾರಿಯಾದ ವಾರ ಅದು.

ಡಿಸೆಂಬರ್‌ನ ಒಂದು ಬೆಳಗ್ಗೆ

2023ರ ಡಿಸೆಂಬರ್. ಅಡಿಕೆ ಗೊನೆಯ ಕೊಯ್ಲು ನಡೆಯುತ್ತಿತ್ತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು, ದಿನಕ್ಕೆ ಹನ್ನೆರಡು ಹದಿನೈದು ಜನ ಬಂದು ಹೋಗುತ್ತಿದ್ದರು. ಕರಿಯನಿಗೆ 15 ತಿಂಗಳು, ತೂಕ 54 ಕೆ.ಜಿ. ಅಂಗಳದ ಮೂಲೆಯ ಕಂಬಕ್ಕೆ ಎಂಟು ಅಡಿ ಚೈನಿನಲ್ಲಿ ಕಟ್ಟಿದ್ದರು. ಕೆಲಸದವರು ನೀರು ಕುಡಿಯಲು ಹಿಂದಿನ ಬಾಗಿಲಿಗೆ ಹೋಗುವ ದಾರಿ ಆ ಕಂಬದ ಪಕ್ಕವೇ.

ಹತ್ತು ವರ್ಷದಿಂದ ಆ ಮನೆಗೆ ಬರುತ್ತಿದ್ದ ಒಬ್ಬರು, ಐವತ್ತು ದಾಟಿದವರು, ಗಾಳಿಗೆ ಹಾರಿದ ಗೋಣಿಚೀಲ ಎತ್ತಿಕೊಳ್ಳಲು ಕರಿಯನ ಹಿಂದೆ ಬಗ್ಗಿದರು. ಎಡ ತೊಡೆಗೆ ಕಚ್ಚಿತು. ನಾಲ್ಕು ಹಲ್ಲು ಆಳಕ್ಕೆ ಹೋಗಿತ್ತು.

ಅಮ್ಮ ಮಾಡಿದ ಒಂದು ಕೆಲಸ ಇಲ್ಲಿ ಹೇಳಲೇಬೇಕು. ಎಲ್ಲರೂ ಅರಿಶಿನ ತನ್ನಿ, ಸುಣ್ಣ ತನ್ನಿ ಅನ್ನುತ್ತಿರುವಾಗ ಆಕೆ ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಸಿದರು. ಅದೇ ಸರಿಯಾದದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೊಟ್ಟರು, ರೇಬಿಸ್ ಲಸಿಕೆ 0, 3, 7, 28ನೇ ದಿನ ಆಯಿತು. ಕರಿಯನಿಗೆ ಅದೇ ವರ್ಷದ ಜನವರಿಯಲ್ಲಿ ರೇಬಿಸ್ ಲಸಿಕೆ ಆಗಿತ್ತು, ಕಾರ್ಡೂ ಇತ್ತು. ಆದರೂ ಕಚ್ಚಿಸಿಕೊಂಡವರ ಲಸಿಕೆ ತಪ್ಪಿಸಲಿಲ್ಲ, ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿಕೊಂಡರು. ಆಸ್ಪತ್ರೆಯ ಖರ್ಚು, ಕೆಲಸ ತಪ್ಪಿದ 23 ದಿನದ ಕೂಲಿ ಯಜಮಾನರು ಕೊಟ್ಟರು. ಕಚ್ಚಿಸಿಕೊಂಡವರು ಪೊಲೀಸರ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಅದು ಅವರ ಹಕ್ಕು. ಸಾಕಿದ ಪ್ರಾಣಿಯ ವಿಷಯದಲ್ಲಿ ಅಜಾಗರೂಕತೆಗೆ ಆಗಿನ ಐಪಿಸಿ 289ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು ಆಗಬಹುದಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅದನ್ನೇ ಹೇಳುತ್ತೆ, ದಂಡ ಮಾತ್ರ 5,000 ರೂಪಾಯಿಗೆ ಏರಿದೆ.

ನನಗೆ ಫೋನ್ ಬಂದಿದ್ದು ಮೂರನೇ ದಿನ.

ಹನ್ನೊಂದು ಸಲ ನೋಡಿದ ವಿಡಿಯೊ

"ಏನೂ ಕಾರಣ ಇಲ್ಲದೆ ಕಚ್ಚಿತು" ಅಂತ ಐದೂ ಜನ ಹೇಳಿದರು. ಅದೃಷ್ಟಕ್ಕೆ ಅಂಗಳಕ್ಕೆ ಸಿಸಿಟಿವಿ ಹಾಕಿಸಿದ್ದರು. ಮಗನ ಲ್ಯಾಪ್‌ಟಾಪ್‌ನಲ್ಲಿ ಆ ತುಣುಕನ್ನು ನಾನು ಹನ್ನೊಂದು ಸಲ ನೋಡಿದೆ. ಕೊನೆಯ ಮೂರು ಸಲ ಅರ್ಧ ವೇಗದಲ್ಲಿ.

ಕರಿಯ ಮಲಗಿದ್ದಾನೆ. ಬಾಯಿ ತೆರೆದಿದೆ, ನಾಲಗೆ ಹೊರಗಿದೆ. ಅವರು ಹತ್ತಿರ ಬರುತ್ತಿದ್ದ ಹಾಗೆ ಬಾಯಿ ಮುಚ್ಚಿಕೊಳ್ಳುತ್ತೆ. ಮುಖ ಪಕ್ಕಕ್ಕೆ ತಿರುಗಿಸುತ್ತಾನೆ. ನಾಲಗೆ ಒಂದು ಸಲ ಮೂಗಿನ ಮೇಲೆ ಸವರುತ್ತೆ. ಎದ್ದು ನಿಲ್ಲುತ್ತಾನೆ, ಏಳುವಾಗ ಹಿಂಭಾಗ ಎತ್ತಲು ಸ್ವಲ್ಪ ತಡಕಾಡುತ್ತಾನೆ. ದೂರ ಹೋಗಲು ನೋಡುತ್ತಾನೆ, ಚೈನ್ ಬಿಗಿಯುತ್ತೆ. ಅಲ್ಲೇ ಮರದ ಕೊರಡಿನ ಹಾಗೆ ಸೆಟೆದು ನಿಲ್ಲುತ್ತಾನೆ. ಅವರು ಬಗ್ಗುತ್ತಾರೆ, ಅವರ ಮೊಣಕೈ ಕರಿಯನ ಎಡ ಸೊಂಟಕ್ಕೆ ತಾಗುತ್ತೆ. ಆಮೇಲೆ ಹಲ್ಲು. ಒಂದೇ ಸಲ ಕಚ್ಚಿ ಬಿಟ್ಟು ಹಿಂದಕ್ಕೆ ಸರಿದು ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತಾನೆ.

ಬಾಯಿ ಮುಚ್ಚಿದ್ದಕ್ಕೂ ಕಚ್ಚಿದ್ದಕ್ಕೂ ನಡುವೆ ಆರು ಸೆಕೆಂಡ್. ಅಷ್ಟರಲ್ಲಿ ಅವನು ಐದು ರೀತಿ "ಬೇಡ" ಅಂದಿದ್ದ. ಹೇಳದೆ ಬಿಟ್ಟದ್ದು ಒಂದೇ, ಎಲ್ಲರಿಗೂ ಅರ್ಥವಾಗುತ್ತಿದ್ದ ಆ ಗುರ್. ಅದನ್ನು ಏಳನೇ ತಿಂಗಳಲ್ಲಿ ದಬ್ಬೆಯಿಂದ ಹೊಡೆದು ಬಿಡಿಸಲಾಗಿತ್ತು. ಹೊಡೆತದಿಂದ ಒಳಗಿನ ಭಯವಾಗಲಿ ಸಿಟ್ಟಾಗಲಿ ಹೋಗಿರಲಿಲ್ಲ, ಅದನ್ನು ತಿಳಿಸುವ ಸದ್ದು ಮಾತ್ರ ಹೋಗಿತ್ತು. ಒಂದು ಗುರ್ ಕೇಳಿಸಿದ್ದರೆ ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು. ಯಜಮಾನರಿಗೆ ಇದನ್ನು ವಿಡಿಯೊ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಏಳುವಾಗಿನ ಆ ತಡಕಾಟ ನನ್ನನ್ನು ಕಾಡಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ ಅಂದೆ. ಎರಡೂ ಸೊಂಟದ ಕೀಲು ಸರಿಯಾಗಿ ಕೂತಿರಲಿಲ್ಲ, ಎಡಗಡೆಯದು ಜಾಸ್ತಿ. ಹಿಪ್ ಡಿಸ್‌ಪ್ಲೇಸಿಯಾ. ಇದಕ್ಕೆ ವಂಶವೂ ಕಾರಣ, ಬೇಗ ಏರಿದ ತೂಕವೂ ಕಾರಣ. ಅಂದರೆ ಎಷ್ಟೋ ತಿಂಗಳಿಂದ ಅವನಿಗೆ ಆ ಜಾಗ ನೋಯುತ್ತಿತ್ತು. ಗೊತ್ತಿಲ್ಲದ ಮನುಷ್ಯ, ತಪ್ಪಿಸಿಕೊಳ್ಳಲು ಬಿಡದ ಚೈನ್, ನೋಯುವ ಜಾಗಕ್ಕೆ ಮೊಣಕೈ. ಕಚ್ಚಿದ್ದು ಸರಿ ಅಂತ ಹೇಳುತ್ತಿಲ್ಲ. ಕಾರಣ ಇತ್ತು ಅಂತ ಹೇಳುತ್ತಿದ್ದೇನೆ, ಕಾರಣ ಗೊತ್ತಾದರೆ ಮಾತ್ರ ಮುಂದಿನದನ್ನು ತಡೆಯಬಹುದು.

ಇಡುವುದೋ, ಕೊಡುವುದೋ

ಮೂರು ದಾರಿ ಇತ್ತು. ಬೇರೆಯವರಿಗೆ ಕೊಡುವುದು, ಇಂಜೆಕ್ಷನ್ ಕೊಡಿಸಿ ಮಲಗಿಸುವುದು, ಇಟ್ಟುಕೊಂಡು ತಿದ್ದುವುದು.

ಕೊಡಲು ಗಿರಾಕಿ ಸಿದ್ಧವಿದ್ದರು. ಕಾಫಿ ತೋಟದ ಒಬ್ಬರು, "ಕಚ್ಚೋ ನಾಯೇ ಬೇಕು ನಮಗೆ" ಅಂದಿದ್ದರಂತೆ. ಇದಕ್ಕೆ ನಾನು ಖಂಡಿತ ಬೇಡ ಅಂದೆ. ಕಚ್ಚಿದ ನಾಯಿಯನ್ನು ದಾಟಿಸಿದರೆ ಮುಂದಿನ ಕಚ್ಚನ್ನು ಇನ್ನೊಂದು ಊರಿನ ಕೂಲಿಯವರ ಕಾಲಿಗೆ ದಾಟಿಸಿದ ಹಾಗೆ. ಮಲಗಿಸುವುದರ ಬಗ್ಗೆ ನಾನು ಬಾಯಿ ಮುಚ್ಚಿಕೊಳ್ಳುವುದಿಲ್ಲ. ಕೆಲವು ನಾಯಿಗಳ ವಿಷಯದಲ್ಲಿ ಅದೇ ಸರಿ, ನಾನೇ ಎರಡು ಸಲ ಹಾಗೆ ಹೇಳಿದ್ದೇನೆ, ಇವತ್ತಿಗೂ ಆ ಎರಡು ಮುಖ ಮರೆತಿಲ್ಲ. ಆದರೆ ಕರಿಯ ಒಂದೇ ಸಲ ಕಚ್ಚಿ ಬಿಟ್ಟಿದ್ದ, ಅಟ್ಟಿಸಿಕೊಂಡು ಹೋಗಿರಲಿಲ್ಲ. ಕಾರಣಗಳು ಕಣ್ಣಿಗೆ ಕಾಣುವಂಥವು, ಅವುಗಳಲ್ಲಿ ಅರ್ಧ ನಾವು ತೆಗೆದುಹಾಕಬಹುದಾದವು. ಮನೆಯಲ್ಲಿ ಪುಟ್ಟ ಮಕ್ಕಳಿರಲಿಲ್ಲ. ಗೂಡು ಕಟ್ಟಲು ಜಾಗ ಇತ್ತು, ದುಡ್ಡೂ ಹೊಂದಿಸಬಹುದಿತ್ತು. ಇವುಗಳಲ್ಲಿ ಎರಡು ಇಲ್ಲದಿದ್ದರೂ ನನ್ನ ಮಾತು ಬೇರೆ ಆಗಿರುತ್ತಿತ್ತು.

ನಾನು ಹಾಕಿದ ಷರತ್ತು ಮೂರು. ಗೂಡು ಮುಗಿಯುವ ತನಕ ತರಬೇತಿ ಶುರುವಿಲ್ಲ. ಮನೆಯ ಐದೂ ಜನ ಒಂದೇ ಮಾತು, ಒಂದೇ ರೀತಿ. ಇನ್ನೊಮ್ಮೆ ಕಚ್ಚಿದರೆ ಮೂರೂ ದಾರಿಗಳ ಬಗ್ಗೆ ಮತ್ತೆ ಕೂತು ಮಾತಾಡುವುದು. ಯಜಮಾನರ ಹೆಂಡತಿ ನಾಲ್ಕನೆಯದನ್ನು ಸೇರಿಸಿದರು: ಗಾಯವಾದವರು "ಆ ನಾಯಿ ಇದ್ದರೆ ನಾನು ಬರಲ್ಲ" ಅಂದರೆ ನಾಯಿ ಇರುವುದಿಲ್ಲ. ಇದು ನನಗೇ ಹೊಳೆದಿರಲಿಲ್ಲ. ಅವರ ಮನೆಗೇ ಹೋಗಿ ಕೇಳಿದರು. "ಕಟ್ಟಿ ಹಾಕೋದು ಬೇಡ, ನನ್ನ ದಾರಿಗೆ ಬರದ ಹಾಗೆ ಇಟ್ಕೊಳ್ಳಿ" ಅಂದರು ಅವರು.

ಕೆಲಸ

ಮನೆಯ ಹಿಂದೆ, ದಾರಿ ಕಾಣದ ಕಡೆ, 12 ಅಡಿ ಅಗಲ 25 ಅಡಿ ಉದ್ದದ ಗೂಡು ಎದ್ದಿತು. ಆರೂವರೆ ಅಡಿ ಜಾಲರಿ, ಮೇಲೂ ಜಾಲರಿ, ಯಾಕೆಂದರೆ ಚಿರತೆ. ಕೆಳಗಿನ ಮೂರಡಿ ತಗಡು, ಎದುರಿಗೆ ಹೋಗುವ ಬರುವವರು ಕಾಣದ ಹಾಗೆ. ಜಾಲರಿಯ ಒಳಗಿನಿಂದ ಇಡೀ ದಿನ ಜನರನ್ನು ನೋಡುತ್ತಾ ಬೊಗಳುವ ನಾಯಿಗೆ ದಿನಾ ಸಿಟ್ಟಿನ ಅಭ್ಯಾಸವಾಗುತ್ತೆ, ಪ್ರತಿ ಸಲ ಜನ ಹೋದಾಗ "ನಾನೇ ಓಡಿಸಿದೆ" ಅಂದುಕೊಳ್ಳುತ್ತೆ. ನೆಲಕ್ಕೆ ಜಾರದ ಒರಟು ಗಾರೆ. ಬಾಗಿಲು ಎರಡು, ನಡುವೆ ನಾಲ್ಕಡಿ ಜಾಗ. ಒಂದನ್ನು ಹಾಕದೆ ಇನ್ನೊಂದನ್ನು ತೆಗೆಯುವ ಹಾಗಿಲ್ಲ. ಎರಡನೇ ಬಾಗಿಲು ದುಂದು ಅಂತ ಯಜಮಾನರಿಗೆ ಅನ್ನಿಸಿತ್ತು. ನಾನು ಬಿಡಲಿಲ್ಲ.

ಕ್ಯಾಲ್ಸಿಯಂ ನಿಂತಿತು, ಹಾಲು ನಿಂತಿತು. ಡಾಕ್ಟರು ನೋವಿಗೆ ಮಾತ್ರೆ ಕೊಟ್ಟರು. ಅಳತೆ ಮಾಡಿ ಊಟ, ದಿನಕ್ಕೆ ಎರಡು ಸಲ. ಇಂಥ ಎದೆ ಆಳದ ನಾಯಿಗಳಿಗೆ ಒಂದೇ ಸಲ ಹೊಟ್ಟೆ ತುಂಬ ಹಾಕುವುದು ಒಳ್ಳೆಯದಲ್ಲ, ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ಎಂಟು ತಿಂಗಳಲ್ಲಿ 54ರಿಂದ 46ಕ್ಕೆ ಇಳಿದ. ನೋವು ಇಳಿದ ಎರಡನೇ ತಿಂಗಳಿಗೇ ಅವನ ಕಣ್ಣು ಬೇರೆ ಆಗಿತ್ತು. ತರಬೇತಿಗಿಂತ ಮೊದಲು ಡಾಕ್ಟರು ಅಂತ ನಾನು ಹೇಳುತ್ತಲೇ ಇರುವುದು ಇದಕ್ಕೇ.

ಕಲಿಸಿದ ಮೊದಲ ಮಾತು "ಗೋಣಿ". ಒಂದು ಖಾಲಿ ಗೋಣಿಚೀಲ ಹಾಸುವುದು. ಅದರ ಮೇಲೆ ಕಾಲಿಟ್ಟರೆ ತುತ್ತು, ಮಲಗಿದರೆ ಇನ್ನೊಂದು, ಮಲಗಿಯೇ ಇದ್ದರೆ ಆಗಾಗ ಒಂದೊಂದು. ಬೈಗುಳ ಇಲ್ಲ, ಎಳೆದಾಟ ಇಲ್ಲ. ತುತ್ತು ಅಂದರೆ ಬೇಯಿಸಿದ ಮೊಟ್ಟೆಯ ಚೂರು. ಆ ಮನೆಯಲ್ಲಿ ಮೊಟ್ಟೆ? ಅಮ್ಮನೇ ದಾರಿ ತೋರಿಸಿದರು. ಕೊಟ್ಟಿಗೆಯ ಹೊರಗಿನ ಒಲೆಯಲ್ಲಿ, ಹಳೇ ಪಾತ್ರೆಯಲ್ಲಿ ಮೊಮ್ಮಗ ಬೇಯಿಸಲಿ ಅಂದರು. ಆಕೆ ಮಾತ್ರ ಗಟ್ಟಿ ಮೊಸರು ಅದ್ದಿದ ಅನ್ನದ ಉಂಡೆಯಲ್ಲೇ ಕಲಿಸಿದರು. ಕರಿಯ ಆಕೆಗೆ ಎಲ್ಲರಿಗಿಂತ ಬೇಗ ಮಲಗುತ್ತಿದ್ದ. ಕಾಲು ನೋಯುವ ಮುದುಕಿ, ಸೊಂಟ ನೋಯುವ ನಾಯಿ, ಇಬ್ಬರಿಗೂ ಅವಸರವಿರಲಿಲ್ಲ. ಗೋಣಿಯ ಅನುಕೂಲ ಏನೆಂದರೆ ಅದನ್ನು ಸುತ್ತಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಅಂಗಳದಲ್ಲಿ, ತೋಟದ ಬದುವಿನಲ್ಲಿ, ಡಾಕ್ಟರ ಮನೆಯ ಜಗಲಿಯಲ್ಲಿ, ಎಲ್ಲಿ ಹಾಸಿದರೂ ಅದು ಅವನ ಮನೆ.

ಎರಡನೆಯದು ಬಾಯಿಗೆ ಬುಟ್ಟಿ. ಬಾಯಿ ಬಿಗಿದು ಕಟ್ಟುವ ಪಟ್ಟಿ ಅಲ್ಲ, ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಂಥದ್ದು. ಬುಟ್ಟಿಯ ತಳಕ್ಕೆ ಮೊಸರು ಸವರಿ ಮೂರು ವಾರ ಸುಮ್ನೆ ನೆಕ್ಕಿಸಿದೆವು, ಪಟ್ಟಿ ಹಾಕಲೇ ಇಲ್ಲ. ನಾಲ್ಕನೇ ವಾರ ಬುಟ್ಟಿ ಕಂಡರೆ ತಾನೇ ಮೂತಿ ತೂರಿಸುತ್ತಿದ್ದ.

ಆಮೇಲೆ ಜನ. ಬುಟ್ಟಿ ಹಾಕಿ, ಇಪ್ಪತ್ತಡಿ ಹಗ್ಗದಲ್ಲಿ, ಗೋಣಿಯ ಮೇಲೆ. ಅವನಿಗೆ ಗೊತ್ತಿಲ್ಲದ ನನ್ನ ಸ್ನೇಹಿತರೊಬ್ಬರು ಅರವತ್ತಡಿ ದೂರದಲ್ಲಿ ಉಣಗೋಲಿನ (ಬೇಲಿಗೆ ಗಳು ಸರಿಸಿ ತೆಗೆಯುವ ಬಾಗಿಲು) ಹತ್ತಿರ ಕಾಣಿಸಿಕೊಳ್ಳುವುದು. ಮನುಷ್ಯ ಕಂಡ, ಮೊಟ್ಟೆ ಬಂತು. ಮನುಷ್ಯ ಮರೆಯಾದ, ಮೊಟ್ಟೆ ನಿಂತಿತು. ಕಿವಿ ಮುಂದಕ್ಕೆ ಸೆಟೆದು ಬಾಯಿ ಮುಚ್ಚಿದರೆ ನಾವು ಹತ್ತಿರ ಬಂದದ್ದು ಜಾಸ್ತಿ ಆಯಿತು ಅಂತ ಅರ್ಥ, ಹಿಂದೆ ಹೋಗುವುದು. ಅರವತ್ತಡಿಯಿಂದ ಇಪ್ಪತ್ತಡಿಗೆ ಬರಲು ಹನ್ನೊಂದು ವಾರ ಹಿಡಿಯಿತು. ಇಪ್ಪತ್ತಕ್ಕಿಂತ ಹತ್ತಿರ ಹೋಗಲು ನಾನು ಒತ್ತಾಯ ಮಾಡಲಿಲ್ಲ. ಎಲ್ಲರೂ ಬಂದು ತಲೆ ಸವರುವ ನಾಯಿ ಮಾಡುವುದು ನಮ್ಮ ಗುರಿಯಾಗಿರಲಿಲ್ಲ. ಜರ್ಮನಿಯ ರಾಟ್‌ವೈಲ್ ಊರಿನ ಕಸಾಯಿಗಳು ದನ ಹೊಡೆಯಲು, ಗಾಡಿ ಎಳೆಯಲು, ಕಾವಲಿಗೆ ಬೆಳೆಸಿದ ಜಾತಿ ಇದು. ತಾನೇ ತೀರ್ಮಾನ ಮಾಡುವ ಸ್ವಭಾವ. ಜನ ಇದ್ದರೂ ಅವನ ಮೈ ಸಡಿಲ ಇದ್ದರೆ ಸಾಕಿತ್ತು.

ಕಚ್ಚಿಸಿಕೊಂಡವರನ್ನೇ ನಿಲ್ಲಿಸಿ ಅಭ್ಯಾಸ ಮಾಡಿಸೋಣ ಅಂತ ಮಗ ಕೇಳಿದ. ಬೇಡ ಅಂದೆ. ನೋವು ತಿಂದವರು ನಾಯಿಯ ಪಾಠಕ್ಕೆ ಸಾಮಾನು ಅಲ್ಲ. ಅವರಿಗಾಗಿ ಬಾವಿಯ ಕಡೆಯಿಂದ ಹೊಸ ಕಾಲುದಾರಿ ಮಾಡಿಸಿ, ಕುಡಿಯುವ ನೀರಿನ ಕೊಡವನ್ನು ಅಲ್ಲಿಗೇ ಸಾಗಿಸಿದರು.

ಇದರ ನಡುವೆಯೇ 2024ರ ಮಾರ್ಚ್ 12ರ ಕೇಂದ್ರದ ಸುತ್ತೋಲೆ ಸುದ್ದಿಯಾಯಿತು. 23 ಜಾತಿಯ ನಾಯಿಗಳ ಆಮದು, ಸಂತಾನ, ಮಾರಾಟ ನಿಲ್ಲಿಸಿ, ಈಗಾಗಲೇ ಸಾಕಿರುವವುಗಳಿಗೆ ಸಂತಾನಹರಣ ಮಾಡಿಸಿ ಅಂತ. ಪಟ್ಟಿಯಲ್ಲಿ ರಾಟ್‌ವೈಲರ್ ಇತ್ತು. ಊರಲ್ಲಿ "ನಿಮ್ಮ ನಾಯಿ ಬ್ಯಾನ್ ಆಯ್ತಂತೆ" ಅಂತ ಶುರುವಾಯಿತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅನ್ನುವ ಕಾರಣಕ್ಕೆ. ಆ ನಾಲ್ಕು ವಾರ ಮನೆಯಲ್ಲಿ ನಿದ್ದೆ ಇರಲಿಲ್ಲ. ಜಾತಿ ನೋಡಿ ನಿಷೇಧಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗಂತ 35 ದಿನದ ಮರಿಯನ್ನು ಡಬ್ಬಿಯಲ್ಲಿ ಹಾಕಿ ಬಸ್ಸಿಗೆ ಏರಿಸುವವರನ್ನು ಯಾರೂ ಕೇಳುವುದಿಲ್ಲವಲ್ಲ, ಅದಕ್ಕೆ ಇನ್ನೂ ಸಂಕಟ. ಕರಿಯನಿಗೆ 20ನೇ ತಿಂಗಳಲ್ಲಿ ಸಂತಾನಹರಣ ಮಾಡಿಸಿದರು. ಕಚ್ಚುವುದು ನಿಲ್ಲುತ್ತೆ ಅಂತಲ್ಲ, ಅದು ನಿಲ್ಲುವುದಿಲ್ಲ. ಕೆಟ್ಟ ಸೊಂಟ ಮುಂದಿನ ಮರಿಗಳಿಗೆ ಹೋಗಬಾರದು ಅಂತ. ಕ್ರಾಸಿಂಗ್‌ಗೆ ಕೇಳಿಕೊಂಡು ಇಬ್ಬರು ಬಂದಿದ್ದರು.

ಗುರ್ ಮರಳಿತು

ಮೇ ತಿಂಗಳ ಒಂದು ಸಂಜೆ ಮಗಳು ಫೋನ್ ಮಾಡಿದಳು, ದನಿ ನಡುಗುತ್ತಿತ್ತು. ಕರಿಯ ಮಲಗಿದ್ದಾಗ ಅವನ ಕೆಳಗಿನ ಗೋಣಿ ಸರಿಮಾಡಲು ಹೋಗಿದ್ದಾಳೆ. ಗುರ್ ಅಂದಿದ್ದಾನೆ. ಹೇಳಿಕೊಟ್ಟಿದ್ದ ಹಾಗೆ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಹೋಗಿದ್ದಾಳೆ. ಗುರ್ ನಿಂತಿದೆ. "ಮತ್ತೆ ಕೆಟ್ಟು ಹೋದ್ನಾ ಅಂಕಲ್?"

ಇಲ್ಲಮ್ಮ, ಸರಿ ಹೋಗ್ತಾ ಇದ್ದಾನೆ ಅಂದೆ. ಆ ರಾತ್ರಿ ನನಗೆ ನಿಜವಾಗಿ ಖುಷಿಯಾಗಿತ್ತು. ಒಂದು ವರ್ಷ ನುಂಗಿಕೊಂಡಿದ್ದ ಮಾತನ್ನು ಅವನು ಮತ್ತೆ ಆಡಿದ್ದ, ಯಾಕೆಂದರೆ ಈಗ ಆಡಿದರೆ ಹೊಡೆತ ಬೀಳುವುದಿಲ್ಲ ಅಂತ ನಂಬಿಕೆ ಬಂದಿತ್ತು. ಅವಳಿಗೂ ಅದನ್ನು ಬಿಡಿಸಿ ಹೇಳಿದೆ. ಗುರ್ ಅಂದರೆ ಬಯ್ಯಬೇಡ, ಹೊಗಳಲೂ ಬೇಡ, ದೂರ ಸರಿ, ಯಾಕೆ ಅಂದ ಅಂತ ಯೋಚಿಸು. ಯೋಚಿಸಿದಾಗ ಗೊತ್ತಾಯಿತು, ಹಿಂದಿನ ಎರಡು ದಿನ ಮಾತ್ರೆ ತಪ್ಪಿತ್ತು. ಮಳೆಗಾಲ ಶುರುವಾಗುವ ಹೊತ್ತು, ತಣ್ಣನೆ ಗಾಳಿ, ಸೊಂಟ ನೋಯುತ್ತಿತ್ತು.

ಎರಡನೇ ಬಾಗಿಲು

ಸೆಪ್ಟೆಂಬರ್ 7, ಗಣೇಶ ಚೌತಿ. ಮನೆ ತುಂಬ ನೆಂಟರು. ಕರಿಯ ಗೂಡಿನಲ್ಲಿ, ಜೊತೆಗೆ ಅಗಿಯಲು ಒಂದು ತೆಂಗಿನ ಚಿಪ್ಪು. ಮಧ್ಯಾಹ್ನ ಊಟದ ಗಡಿಬಿಡಿಯಲ್ಲಿ ಐದು ವರ್ಷದ ಒಂದು ಹುಡುಗ ಚಕ್ಕುಲಿ ಹಿಡಿದುಕೊಂಡು ಹಿಂದೆ ಹೋಗಿದ್ದಾನೆ. ಹೊರಗಿನ ಬಾಗಿಲಿನ ಚಿಲಕ ಅವನ ಕೈಗೆ ಎಟಕುವ ಎತ್ತರದಲ್ಲಿತ್ತು. ತೆಗೆದು ಒಳಗೆ ಹೋಗಿದ್ದಾನೆ. ಒಳಬಾಗಿಲಿಗೆ ಬೀಗ ಇತ್ತು. ಕರಿಯ ಬೊಗಳಿದ, ಯಜಮಾನರ ಹೆಂಡತಿ ಬಡಿಸುತ್ತಿದ್ದ ಸೌಟು ಬಿಟ್ಟು ಓಡಿದರು. ಹುಡುಗ ಆ ನಾಲ್ಕಡಿ ಜಾಗದಲ್ಲಿ ನಿಂತು ಜಾಲರಿಯೊಳಗೆ ಚಕ್ಕುಲಿ ತೂರಿಸುತ್ತಿದ್ದ.

ಏನೂ ಆಗಲಿಲ್ಲ. ಒಂದೇ ಬಾಗಿಲಿದ್ದರೆ ಏನಾಗುತ್ತಿತ್ತು ಅಂತ ಆ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಂಬತ್ತು ತಿಂಗಳ ತರಬೇತಿ ಎಷ್ಟೇ ಚೆನ್ನಾಗಿ ಆಗಿರಲಿ, ಆ ಹೊತ್ತಿನಲ್ಲಿ ನಾನು ಅದನ್ನು ನಂಬುತ್ತಿರಲಿಲ್ಲ. ಮರುದಿನವೇ ಹೊರ ಚಿಲಕವನ್ನು ಐದಡಿ ಎತ್ತರಕ್ಕೆ ಏರಿಸಿದರು, ಬೀಗವೂ ಬಿತ್ತು. ನೆಂಟರು ಬರುವ ದಿನ ಕೀಲಿ ಯಜಮಾನರ ಜೇಬಿನಲ್ಲೇ. ಚಿಲಕದ ಎತ್ತರ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಯಾವ ಮನೆಗೆ ಹೋದರೂ ಮೊದಲು ಅದನ್ನೇ ನೋಡುತ್ತೇನೆ.

ಮುಂದಿನ ಕೊಯ್ಲು

2024ರ ನವೆಂಬರ್‌ನಿಂದ ಮತ್ತೆ ಜನ. ಹಗಲೆಲ್ಲ ಕರಿಯ ಗೂಡಿನಲ್ಲಿ. ಸಂಜೆ ಕೆಲಸದವರು ಹೊರಡುವ ಹೊತ್ತಿಗೆ ಬುಟ್ಟಿ ಹಾಕಿಕೊಂಡು ಮಗನ ಜೊತೆ ಅಂಗಳದಂಚಿಗೆ ಬಂದು ಗೋಣಿಯ ಮೇಲೆ ಮಲಗುತ್ತಿದ್ದ. ಜನ ಚೀಲ ಹೆಗಲಿಗೇರಿಸಿಕೊಂಡು ದೂರದಿಂದ ಹೋಗುತ್ತಿದ್ದರು. ಮೂರು ತಿಂಗಳಲ್ಲಿ ಎರಡು ಸಲ ಎದ್ದು ನಿಂತ, ಒಂದು ಸಲ ಬೊಗಳಿದ. ಕರೆದಾಗ ತಿರುಗಿದ. ಕಚ್ಚಿಸಿಕೊಂಡವರು ಬಾವಿ ದಾರಿಯಲ್ಲೇ ಬಂದು ಹೋದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಕಾವಲು ಕಮ್ಮಿಯಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ರಾತ್ರಿ ಈಗ ಅವನನ್ನು ತೋಟಕ್ಕೆ ಬಿಡುವುದಿಲ್ಲ, ಅಡಿಕೆ ಇಟ್ಟ ಕೋಣೆಯ ಹೊರಗಿನ ಜಾಲರಿ ಹಾಕಿದ ಜಗಲಿಯಲ್ಲಿ ಮಲಗುತ್ತಾನೆ. ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಬೊಗಳಿದ. ಇಡೀ ಕಣಿವೆಗೆ ಕೇಳಿಸುವ ದನಿ. ಯಜಮಾನರು ಟಾರ್ಚ್ ಹಿಡಿದು ಬಂದು ಅಂಗಳಕ್ಕೆಲ್ಲ ಬೆಳಕು ಬಿಟ್ಟರು, ಉಣಗೋಲು ಸರಿದಿತ್ತು, ಯಾರೂ ಇರಲಿಲ್ಲ. "ಸಾಕು ಕರಿಯಾ, ಗೋಣಿ" ಅಂದರು. ಇನ್ನೆರಡು ಸಲ ಗಂಟಲಲ್ಲೇ ಗೊಣಗಿ ಹೋಗಿ ಮಲಗಿದ. ಕಾವಲು ನಾಯಿಯ ಕೆಲಸ ಅಷ್ಟೇ, ನಮ್ಮನ್ನು ಎಬ್ಬಿಸುವುದು. ಉಳಿದದ್ದು ನಮ್ಮದು.

ಮಾತ್ರೆ ಈಗಲೂ ಇದೆ, ಚಳಿಗಾಲಕ್ಕೆ ಸ್ವಲ್ಪ ಜಾಸ್ತಿ. ವರ್ಷಕ್ಕೊಂದು ಎಕ್ಸ್‌ರೇ. ಎಡಗಾಲು ಮುಂದೆ ತೊಂದರೆ ಕೊಡುತ್ತೆ ಅಂತ ಡಾಕ್ಟರು ಹೇಳಿದ್ದಾರೆ.

ಕಳೆದ ಫೆಬ್ರವರಿಯಲ್ಲಿ ಯಜಮಾನರ ಭಾವಮೈದುನ ಬಂದಿದ್ದರು. ಅವರಿಗೂ ದೊಡ್ಡ ನಾಯಿ ಬೇಕಂತೆ. ಯಜಮಾನರು ಏನೂ ಹೇಳದೆ ಅವರನ್ನು ಹಿಂದೆ ಕರೆದುಕೊಂಡು ಹೋಗಿ ಎರಡೂ ಬಾಗಿಲನ್ನು ಅವರ ಕೈಯಲ್ಲೇ ತೆಗೆಸಿ, ಹಾಕಿಸಿ, ಮತ್ತೆ ತೆಗೆಸಿದರು. ಆಮೇಲೆ ಜಗಲಿಯಲ್ಲಿ ಕೂರಿಸಿ ಆ ಸಿಸಿಟಿವಿ ವಿಡಿಯೊ ತೋರಿಸಿದರು. ಭಾವಮೈದುನ ಈಗ ಗೂಡಿಗೆ ಕಂಬ ನೆಡಿಸುತ್ತಿದ್ದಾರೆ. ಮರಿ ಮಳೆಗಾಲ ಕಳೆದ ಮೇಲೆ, ಅಪ್ಪ ಅಮ್ಮ ಎರಡರ ಸೊಂಟದ ಎಕ್ಸ್‌ರೇ ನೋಡಿ, ಒಂಬತ್ತು ವಾರ ತುಂಬಿದ್ದನ್ನು ತರುತ್ತಾರಂತೆ. ಮೊದಲ ತಿಂಗಳು ಸಂತೆಗೆ ಎತ್ತಿಕೊಂಡು ಹೋಗುವುದಕ್ಕೆ ನನ್ನನ್ನೂ ಕರೆದಿದ್ದಾರೆ.